ಹಮಾಲಿಯ ಹೋಲಿಕೆ ಎಲ್ಲಿಯವರೆಗೆ? ನರಕೋಶದೊಳಗಿನ ಸಾಗಣೆ: ಒಂದು ಪಾಠ

ಈ ಸಲದ ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಗೆ ನರಕೋಶದ ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿಯೊಬ್ಬರು, “ಕೈನೆಸಿನ್ ಎಂಬ ಪ್ರೋಟೀನು ಮಾರುಕಟ್ಟೆಯ ಹಮಾಲಿಯ ಹಾಗೆ. ಮೂಟೆ ಹೊತ್ತು ನಡೆಯುತ್ತದೆ” ಎಂದರು. ಮಕ್ಕಳ ಮುಖ ಅರಳಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಯಾವ ಕಡೆ ಹೋಗ್ಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದಳು. “ಅದಕ್ಕೆ ಗೊತ್ತಿರುತ್ತೆ” ಎಂಬ ಉತ್ತರದೊಂದಿಗೆ ಪಾಠ ಮುಂದೆ ಹೋಯಿತು. ಅಂದು ಸಂಜೆ ಆ ಪ್ರಶ್ನೆಯನ್ನೇ ನಡುವಿಟ್ಟುಕೊಂಡು ಪಾಠಯೋಜನೆಯನ್ನು ಮತ್ತೆ ಬರೆದೆವು. ಅದರ ಸಾರಾಂಶ ಇಲ್ಲಿದೆ.

ಸಾಗಣೆಯ ಅಗತ್ಯ

ಬೆನ್ನುಹುರಿಯ ಕೆಳಭಾಗದಿಂದ ಪಾದದವರೆಗೆ ಚಾಚಿದ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದ. ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ತಯಾರಾಗುವುದು ಕೋಶಕಾಯದಲ್ಲಿ. ಅವು ವಿಸರಣೆಯಿಂದಲೇ ತುದಿ ತಲುಪಲಾರವೇ? ಈ ಪ್ರಶ್ನೆ ಮಕ್ಕಳಿಂದ ಬರಲಿ. ಬಾರದಿದ್ದರೆ ನೀವೇ ಕೇಳಿ. ವಿಸರಣೆಯಲ್ಲಿ ದೂರ ಎರಡರಷ್ಟಾದರೆ ತಗಲುವ ಕಾಲ ನಾಲ್ಕರಷ್ಟಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ ಸಾಧಾರಣ ಗಾತ್ರದ ಪ್ರೋಟೀನೊಂದು ಒಂದು ಮೀಟರ್ ದಾಟಲು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಆದರೆ ನರಕೋಶದ ವೇಗದ ಸಾಗಣೆ ದಿನಕ್ಕೆ 200ರಿಂದ 400 ಮಿಲಿಮೀಟರ್. ಸರಕು ಐದು ದಿನದೊಳಗೆ ಪಾದ ಮುಟ್ಟುತ್ತದೆ.

ದಾರಿ ಮತ್ತು ವಾಹಕ

ದಾರಿಯೆಂದರೆ ಟ್ಯೂಬುಲಿನ್ ಪ್ರೋಟೀನಿನಿಂದಾದ ಸೂಕ್ಷ್ಮನಾಳಿಕೆ. ಅದರ ಮೇಲೆ ಚಲಿಸುವ ಕೈನೆಸಿನ್ ಅನ್ನು 1985ರಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್ ಮತ್ತು ಮೈಕೆಲ್ ಶೀಟ್ಸ್ ಸ್ಕ್ವಿಡ್ ಎಂಬ ಕಡಲಜೀವಿಯ ನರದಿಂದ ಬೇರ್ಪಡಿಸಿದರು. ಇದರ ಒಂದು ತುದಿ ಸರಕನ್ನು ಹಿಡಿದರೆ, ಇನ್ನೊಂದು ತುದಿಯ ಎರಡು ‘ತಲೆ’ಗಳು ನಾಳಿಕೆಯ ಮೇಲೆ ಪಾದಗಳಂತೆ ಕೆಲಸ ಮಾಡುತ್ತವೆ. ಪ್ರತಿ ಹೆಜ್ಜೆಗೆ ಒಂದು ಎಟಿಪಿ ಅಣು ಖರ್ಚು. ಹಿಂದಿನ ತಲೆ 16 ನ್ಯಾನೊಮೀಟರ್ ಮುಂದೆ ಬಂದು ಊರಿದಾಗ ಸರಕು 8 ನ್ಯಾನೊಮೀಟರ್ ಸರಿಯುತ್ತದೆ.

ಚಟುವಟಿಕೆ

ಉದ್ದನೆಯ ಕಾಗದದ ಪಟ್ಟಿಯ ಮೇಲೆ 8 ಸೆಂಟಿಮೀಟರಿಗೊಂದು ಬಾಣದ ಗುರುತು ಹಾಕಿಸಿ. ಎಲ್ಲ ಬಾಣಗಳೂ ಒಂದೇ ದಿಕ್ಕಿಗಿರಲಿ. ಮಕ್ಕಳು ಎರಡು ಕೈಗಳ ತೋರುಬೆರಳುಗಳನ್ನು ಅಕ್ಕಪಕ್ಕದ ಗುರುತುಗಳ ಮೇಲಿಟ್ಟು ‘ನಡೆಸಲಿ’. ಒಂದು ಬೆರಳು ಸದಾ ಊರಿರಬೇಕು. ಹೆಜ್ಜೆಗೊಂದು ಹುಣಸೆಬೀಜ ಕೊಡಬೇಕು, ಅದೇ ಎಟಿಪಿ. ಇಲ್ಲಿ 1 ಸೆಂಟಿಮೀಟರ್ ಎಂದರೆ 1 ನ್ಯಾನೊಮೀಟರ್. ಈ ಅಳತೆಯಲ್ಲಿ ಒಂದು ಮೀಟರಿನ ಆಕ್ಸಾನ್ 10,000 ಕಿಲೋಮೀಟರ್ ಆಗುತ್ತದೆ. ಭಾರತದ ಉತ್ತರ-ದಕ್ಷಿಣ ಉದ್ದದ ಮೂರು ಪಟ್ಟು. ಬೇಕಾಗುವ ಹೆಜ್ಜೆಗಳು 12.5 ಕೋಟಿ. ಭಾಗಾಕಾರವನ್ನು ಮಕ್ಕಳೇ ಮಾಡಲಿ.

ಹೋಲಿಕೆಯ ಮಿತಿ

ಹಮಾಲಿಯ ಹೋಲಿಕೆಯನ್ನು ಬಳಸಿದ ಅವಧಿಯಲ್ಲೇ ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಿ. ಮೂರು ಅಂಶಗಳು ಮುಖ್ಯ.

ಒಂದು, ಕೈನೆಸಿನ್‌ಗೆ ಏನೂ ಗೊತ್ತಿಲ್ಲ. ಟ್ಯೂಬುಲಿನ್ ಘಟಕಗಳು ಒಂದೇ ದಿಕ್ಕಿಗೆ ಜೋಡಣೆಯಾಗಿರುವುದರಿಂದ ನಾಳಿಕೆಯ ಎರಡು ತುದಿಗಳು ಬೇರೆಬೇರೆ. ಒಂದನ್ನು ಪ್ಲಸ್, ಇನ್ನೊಂದನ್ನು ಮೈನಸ್ ಎನ್ನುತ್ತೇವೆ. ಆಕ್ಸಾನಿನಲ್ಲಿ ಪ್ಲಸ್ ತುದಿಗಳು ಹೊರಮುಖವಾಗಿವೆ. ಕೈನೆಸಿನ್‌ನ ತಲೆ ಆ ಜೋಡಣೆಗೆ ಹೊಂದಿಕೊಂಡು ಪ್ಲಸ್ ಕಡೆಗೆ ಸಾಗುತ್ತದೆ. ಡೈನೀನ್ ಎಂಬ ಇನ್ನೊಂದು ಪ್ರೋಟೀನು ಮೈನಸ್ ಕಡೆಗೆ, ಅಂದರೆ ಕೋಶಕಾಯದತ್ತ. ಹುಡುಗಿಯ ಪ್ರಶ್ನೆಗೆ ಉತ್ತರ ಇದೇ.

ಎರಡು, ಅದು ಕಾಲೆತ್ತಿ ಇಡುವುದಿಲ್ಲ. ಸುತ್ತಲಿನ ಅಣುಗಳ ಬಡಿತಕ್ಕೆ ತಲೆ ಎಲ್ಲ ಕಡೆಗೂ ತುಯ್ದಾಡುತ್ತದೆ. ಎಟಿಪಿ ಅದನ್ನು ಮುಂದಿನ ಸ್ಥಾನದಲ್ಲೇ ಕೂರುವಂತೆ ಮಾಡುತ್ತದೆ.

ಮೂರು, ಒಂದೇ ಕೈನೆಸಿನ್ ಕೊನೆಯವರೆಗೆ ನಡೆಯುವುದಿಲ್ಲ. ಸುಮಾರು ನೂರು ಹೆಜ್ಜೆಯಾದ ಮೇಲೆ ಕಳಚಿಕೊಳ್ಳುತ್ತದೆ. ಒಂದು ಸರಕಿಗೆ ಹಲವು ವಾಹಕಗಳು ಅಂಟಿರುವುದರಿಂದ ಪಯಣ ಮುಂದುವರಿಯುತ್ತದೆ.

ಜೀವನಕ್ಕೆ ಅನ್ವಯ

ವಾಹಕಕ್ಕೆ ಅರಿವಿಲ್ಲ ಎಂಬುದು ಬರೀ ಪರಿಭಾಷೆಯ ಮಾತಲ್ಲ. ಹುಚ್ಚುನಾಯಿ ಕಚ್ಚಿದಾಗ ರೇಬೀಸ್ ವೈರಸ್ ನರತುದಿಯನ್ನು ಹೊಕ್ಕು, ಡೈನೀನ್ ನಡೆಸುವ ಇದೇ ಒಳಮುಖ ಸಾಗಣೆಯಲ್ಲಿ ಬೆನ್ನುಹುರಿಗೂ ಮಿದುಳಿಗೂ ತಲುಪುತ್ತದೆ. ಮಿತ್ರ ಯಾರು, ಶತ್ರು ಯಾರು ಎಂದು ಡೈನೀನ್ ನೋಡುವುದಿಲ್ಲ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರ ಅಪರೂಪ. ಆದ್ದರಿಂದ ವೈರಸ್ ನರ ಹತ್ತುವ ಮೊದಲೇ ಅದನ್ನು ತಡೆಯಬೇಕು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು. ಬೈಗುಳಕ್ಕೆ ಹೆದರಿ ಕಡಿತವನ್ನು ಮುಚ್ಚಿಡುವ ಮಕ್ಕಳಿರುತ್ತಾರೆ. ಈ ಮಾತನ್ನು ಅವರಿಗಾಗಿ ಎರಡು ಸಲ ಹೇಳಿ.

ಮೌಲ್ಯಮಾಪನ

“ಕೈನೆಸಿನ್ ಹಮಾಲಿಯಂತೆ ಇರುವುದು ಯಾವುದರಲ್ಲಿ? ಹಮಾಲಿಯಂತೆ ಇಲ್ಲದಿರುವುದು ಯಾವುದರಲ್ಲಿ?” ಎರಡನೆಯ ಭಾಗಕ್ಕೆ ಹೆಚ್ಚು ಅಂಕ ಇಡಿ. ಮರುಪಾಠದ ದಿನ ಆ ಹುಡುಗಿ ಅದಕ್ಕೆ ಬರೆದ ಉತ್ತರ: “ಹಮಾಲಿ ದಾರಿ ಕೇಳ್ತಾನೆ. ಇದಕ್ಕೆ ದಾರಿಯೇ ಹೇಳುತ್ತೆ.”