ರೋಬೋಟ್ ಮೇಲೆ ಕ್ಯಾಮೆರಾ ಕೂರಿಸುವುದು ಹೇಗೆ?

ಸ್ಪರ್ಧೆಯಲ್ಲಿ ರೋಬೋಟ್ ಚೆಂಡನ್ನು ಕೈಬಿಟ್ಟಿತು ಎನ್ನುವುದು ಗ್ಯಾಲರಿಯಿಂದ ತೆಗೆದ ವಿಡಿಯೊದಲ್ಲಿ ಕಾಣುತ್ತದೆ. ಯಾಕೆ ಕೈಬಿಟ್ಟಿತು ಎನ್ನುವುದು ಮಾತ್ರ ಕಾಣುವುದಿಲ್ಲ. ರೋಲರ್ ಜಾರಿತೇ, ಬೆಲ್ಟ್ ಸಡಿಲವಾಗಿತ್ತೇ, ಎದುರಾಳಿ ತಳ್ಳಿದಾಗ ತೋಳು ವಾಲಿತೇ? ಉತ್ತರ ಬೇಕಿದ್ದರೆ ಕ್ಯಾಮೆರಾ ರೋಬೋಟ್‌ನ ಮೇಲೆಯೇ ಇರಬೇಕು. ಗೋಪ್ರೊದಂಥ ಪುಟ್ಟ ಆ್ಯಕ್ಷನ್ ಕ್ಯಾಮೆರಾಗಳನ್ನು ವಿದ್ಯಾರ್ಥಿ ತಂಡಗಳು ಇಷ್ಟಪಡುವುದು ಇದಕ್ಕೇ.

ಆದರೆ ತಪಾಸಣೆಯ ಮೇಜಿನ ಬಳಿ ಇದೇ ಕ್ಯಾಮೆರಾ ತಕರಾರಿಗೂ ಕಾರಣವಾಗಬಹುದು. ಅಮೆರಿಕದಲ್ಲಿ ಹುಟ್ಟಿದ ‘ಫಸ್ಟ್’ ಸಂಸ್ಥೆ ಹೈಸ್ಕೂಲು ಮಕ್ಕಳಿಗಾಗಿ 1992ರಿಂದ ನಡೆಸುತ್ತಿರುವ ಫಸ್ಟ್ ರೋಬೋಟಿಕ್ಸ್ ಕಾಂಪಿಟಿಷನ್ (ಎಫ್‌ಆರ್‌ಸಿ), ಅದೇ ಸಂಸ್ಥೆಯ ಸಣ್ಣ ರೋಬೋಟ್‌ಗಳ ಸ್ಪರ್ಧೆಯಾದ ಫಸ್ಟ್ ಟೆಕ್ ಚಾಲೆಂಜ್ (ಎಫ್‌ಟಿಸಿ), ಇನ್ನೊಂದು ಬಳಗದ ವೆಕ್ಸ್ ಇವು ಮೂರೂ ಕ್ಯಾಮೆರಾಕ್ಕೆ ಅವಕಾಶ ಕೊಟ್ಟಿವೆ, ಜೊತೆಗೆ ಷರತ್ತುಗಳನ್ನೂ ಹಾಕಿವೆ. ಎಫ್‌ಟಿಸಿ ಮತ್ತು ವೆಕ್ಸ್ ಭಾರತದಲ್ಲೂ ನಡೆಯುತ್ತವೆ. ಅಮೆರಿಕದಲ್ಲಿ ಓದುವ ಕನ್ನಡದ ಮಕ್ಕಳು ಎಫ್‌ಆರ್‌ಸಿ ತಂಡಗಳಲ್ಲಿರುವುದೂ ಅಪರೂಪವಲ್ಲ.

ಎಲ್ಲ ಷರತ್ತುಗಳ ಹಿಂದೆ ಇರುವುದು ಒಂದೇ ತರ್ಕ. ಕ್ಯಾಮೆರಾ ರೋಬೋಟ್‌ನ ಮೇಲೆ ಕುಳಿತ ಪ್ರಯಾಣಿಕನಂತಿರಬೇಕು. ಅದು ಯಾರೊಂದಿಗೂ ಮಾತಾಡಬಾರದು, ಯಾರಿಂದಲೂ ಕರೆಂಟ್ ಪಡೆಯಬಾರದು, ಯಾರಿಗೂ ಅಡ್ಡ ಬರಬಾರದು, ಕೆಳಗೆ ಬೀಳಬಾರದು. ಈ ನಾಲ್ಕನ್ನು ಪಾಲಿಸಿದರೆ ತಪಾಸಕರು ಕೇಳುವ ಬಹುತೇಕ ಪ್ರಶ್ನೆಗಳಿಗೆ ಉತ್ತರ ಸಿದ್ಧವಾಗಿರುತ್ತದೆ.

ಹಂತ 1: ಈ ವರ್ಷದ ಕೈಪಿಡಿ ಓದಿ

ಆಟ ಪ್ರತಿ ವರ್ಷ ಬದಲಾಗುತ್ತದೆ, ಅದರೊಂದಿಗೆ ನಿಯಮದ ಸಂಖ್ಯೆಯೂ ಪದಗಳೂ ಬದಲಾಗುತ್ತವೆ. ಎಫ್‌ಆರ್‌ಸಿ ಕೈಪಿಡಿ ಜನವರಿಯಲ್ಲಿ, ಎಫ್‌ಟಿಸಿಯದು ಸೆಪ್ಟೆಂಬರಿನಲ್ಲಿ ಹೊರಬರುತ್ತದೆ. ಆಮೇಲೂ ಋತುವಿನುದ್ದಕ್ಕೂ ತಿದ್ದುಪಡಿಗಳು ಬರುತ್ತಿರುತ್ತವೆ. ಹಾಗಾಗಿ ಹಿರಿಯ ವಿದ್ಯಾರ್ಥಿಗಳ ನೆನಪನ್ನೇ ನಂಬಿ ಕೂರಬೇಡಿ.

ಸ್ಪರ್ಧೆಯಿಂದ ಸ್ಪರ್ಧೆಗೆ ಒತ್ತು ಬೇರೆ. ಎಫ್‌ಟಿಸಿಯಲ್ಲಿ ಇಂಥ ಕ್ಯಾಮೆರಾ ಇರುವುದು ಪಂದ್ಯ ಮುಗಿದ ಮೇಲೆ ನೋಡುವುದಕ್ಕಷ್ಟೇ. ವೈರ್‌ಲೆಸ್ ಆಫ್ ಆಗಿರಬೇಕು, ಒಳಗಿನ ಬ್ಯಾಟರಿಯಿಂದಲೇ ನಡೆಯಬೇಕು. ವೆಕ್ಸ್‌ನಲ್ಲಿ ಸಣ್ಣ ಕ್ಯಾಮೆರಾ ಅಲಂಕಾರದ ವಸ್ತುಗಳ ಸಾಲಿಗೆ ಸೇರುತ್ತದೆ. ಭಾರ ಹೆಚ್ಚಿಸಿ ಸಮತೋಲನ ಸಾಧಿಸಲೆಂದು ದೊಡ್ಡ ಕ್ಯಾಮೆರಾ ಹೊರಿಸುವಂತಿಲ್ಲ. ಎಫ್‌ಆರ್‌ಸಿಯಲ್ಲಿ ರೋಬೋಟ್‌ನ 12 ವೋಲ್ಟ್ ಬ್ಯಾಟರಿಯನ್ನು ಬಿಟ್ಟು ಬೇರೆ ವಿದ್ಯುತ್ ಮೂಲ ಬಳಸಬಾರದೆಂಬ ನಿಯಮವಿದ್ದರೂ, ಕ್ಯಾಮೆರಾದೊಳಗೇ ಇರುವ ಬ್ಯಾಟರಿಗೆ ವಿನಾಯಿತಿ ಇದೆ.

ಹಂತ 2: ವೈಫೈ, ಬ್ಲೂಟೂತ್ ಆಫ್ ಮಾಡಿ

ತಂಡಗಳು ಹೆಚ್ಚು ಎಡವುವುದು ಇಲ್ಲೇ. ಕ್ರೀಡಾಂಗಣದಲ್ಲಿ ಚಾಲಕರು ರೋಬೋಟ್‌ಗೆ ಆದೇಶ ಕಳಿಸುವುದು ರೇಡಿಯೊ ಮೂಲಕ. ಎಫ್‌ಆರ್‌ಸಿಯ ಒಂದೇ ಪಂದ್ಯದಲ್ಲಿ ಆರು ರೋಬೋಟ್‌ಗಳು ಓಡುತ್ತವೆ. ಅನಗತ್ಯ ಸಂಕೇತ ಹೊರಡಿಸುವ ಪ್ರತಿ ಸಾಧನವೂ ಅಲ್ಲಿ ಗದ್ದಲ ಹೆಚ್ಚಿಸುತ್ತದೆ. ಅಧಿಕೃತ ರೇಡಿಯೊ ಬಿಟ್ಟು ಬೇರೆ ಯಾವ ವೈರ್‌ಲೆಸ್ ಸಂಪರ್ಕಕ್ಕೂ ಅನುಮತಿ ಇಲ್ಲದಿರುವುದು ಈ ಕಾರಣಕ್ಕೆ.

ಕ್ಯಾಮೆರಾದ ಸೆಟಿಂಗ್ಸ್‌ಗೆ ಹೋಗಿ ವೈರ್‌ಲೆಸ್ ಸಂಪರ್ಕವನ್ನು ಪೂರ್ತಿ ನಿಲ್ಲಿಸಿ. ಮೊಬೈಲಿನಲ್ಲಿ ಆ್ಯಪ್ ಮುಚ್ಚಿದ ಮಾತ್ರಕ್ಕೆ ಕ್ಯಾಮೆರಾದ ರೇಡಿಯೊ ನಿಲ್ಲುವುದಿಲ್ಲ. ಧ್ವನಿ ಆದೇಶದ ಸೌಲಭ್ಯವನ್ನೂ ಆಫ್ ಮಾಡಿ, ಪ್ರೇಕ್ಷಕರ ಕೂಗಿನ ನಡುವೆ ಅದರಿಂದ ಉಪಯೋಗವಿಲ್ಲ.

ಇನ್ನೊಂದು ಬಲೆ, ತಂಡಗಳು ರೋಬೋಟ್ ರಿಪೇರಿ ಮಾಡಿಕೊಳ್ಳುವ ಜಾಗವಾದ ಪಿಟ್‌ನಲ್ಲಿದೆ. ಪಂದ್ಯ ಮುಗಿಸಿ ಬಂದವರು ವಿಡಿಯೊವನ್ನು ಮೊಬೈಲಿಗೆ ಇಳಿಸಿಕೊಳ್ಳಲು ಹೊರಟರೆ ಕ್ಯಾಮೆರಾ ತನ್ನದೇ ವೈಫೈ ಜಾಲ ತೆರೆಯುತ್ತದೆ. ಎಫ್‌ಆರ್‌ಸಿ ಸ್ಪರ್ಧೆ ನಡೆಯುವ ಕಟ್ಟಡದಲ್ಲಿ ತಂಡಗಳು ಸ್ವಂತ ವೈಫೈ ಜಾಲ ತೆರೆಯುವುದಕ್ಕೂ ನಿಷೇಧವಿದೆ. ಮೆಮೊರಿ ಕಾರ್ಡ್ ತೆಗೆದು ಕಾರ್ಡ್ ರೀಡರ್‌ನಿಂದಲೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ.

ಹಂತ 3: ಕರೆಂಟ್ ಬೆರೆಸಬೇಡಿ

ಚಾರ್ಜ್ ಉಳಿಯಲಿ ಎಂದು ರೋಬೋಟ್‌ನಿಂದ ಒಂದು ಯುಎಸ್‌ಬಿ ವೈರ್ ಎಳೆಯುವ ಆಸೆ ಸಹಜ. ಎಫ್‌ಟಿಸಿಯಲ್ಲಿ ಅದು ನಿಯಮಕ್ಕೇ ವಿರುದ್ಧ. ಎಫ್‌ಆರ್‌ಸಿಯಲ್ಲೂ ಅದರಿಂದ ತಲೆನೋವೇ ಹೆಚ್ಚು. ಅಲ್ಲಿ ರೋಬೋಟ್‌ನ ಚೌಕಟ್ಟು ಬ್ಯಾಟರಿಯಿಂದ ವಿದ್ಯುತ್ ಸಂಪರ್ಕವಿಲ್ಲದೆ ಪ್ರತ್ಯೇಕವಾಗಿರಬೇಕು. ಬ್ಯಾಟರಿ ಕನೆಕ್ಟರ್‌ನ ಯಾವುದೇ ತುದಿಯಿಂದ ಚೌಕಟ್ಟಿಗೆ ಸಾಕಷ್ಟು ರೋಧ ಇದೆಯೇ ಎಂದು ತಪಾಸಕರು ಮಲ್ಟಿಮೀಟರ್ ಇಟ್ಟು ನೋಡುತ್ತಾರೆ. ಕೆಲವು ಕ್ಯಾಮೆರಾಗಳ ಹೊರಕವಚ ಒಳಗಿನ ನೆಗೆಟಿವ್ ತಂತಿಗೆ ಸೇರಿರುತ್ತದೆ. ಅಂಥದನ್ನು ಯುಎಸ್‌ಬಿಯಿಂದ ನಡೆಸುತ್ತ ಲೋಹದ ಚೌಕಟ್ಟಿಗೆ ನೇರವಾಗಿ ಬಿಗಿದರೆ ಈ ಪರೀಕ್ಷೆಯಲ್ಲಿ ಫೇಲ್.

ಎರಡೂವರೆ ನಿಮಿಷದ ಆಸುಪಾಸಿನ ಪಂದ್ಯಕ್ಕೆ ಒಳಗಿನ ಬ್ಯಾಟರಿ ಧಾರಾಳ ಸಾಕು. ಎರಡು ಬ್ಯಾಟರಿ ಇಟ್ಟುಕೊಂಡು, ಒಂದು ಆಟದಲ್ಲಿದ್ದಾಗ ಇನ್ನೊಂದನ್ನು ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿಯನ್ನು ಬಳಸಲೇಬೇಡಿ. ವಿಮಾನದಲ್ಲಿ ಹೋಗುವ ತಂಡಗಳು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಸಾಮಾನಿನಲ್ಲಿ ಕಳಿಸುವಂತಿಲ್ಲ.

ಹಂತ 4: ಜಾಗ ಆರಿಸಿ, ಅಳೆಯಿರಿ, ತೂಗಿ

ಮೊದಲು ಪ್ರಶ್ನೆ ಗೊತ್ತುಮಾಡಿಕೊಳ್ಳಿ. ಚೆಂಡು ಒಳಗೆಳೆಯುವ ರೋಲರ್ ನೋಡಬೇಕೇ, ಎಸೆಯುವ ಗುರಿ ನೋಡಬೇಕೇ? ಎರಡೂ ಒಂದೇ ದೃಶ್ಯದಲ್ಲಿ ಸಿಗುವುದು ಕಷ್ಟ. ಈ ಪಂದ್ಯಕ್ಕೆ ಒಂದು, ಮುಂದಿನ ಪಂದ್ಯಕ್ಕೆ ಇನ್ನೊಂದು ಎಂದು ಹಂಚಿಕೊಳ್ಳಿ.

ಲೆನ್ಸ್ ರೋಬೋಟ್‌ನ ಅಂಚಿನಿಂದ ಸ್ವಲ್ಪ ಒಳಗೇ ಇರಲಿ, ಮೊದಲ ಹೊಡೆತ ಚೌಕಟ್ಟಿಗೆ ಬೀಳಲಿ. ಬಂಪರ್‌ಗೆ ಅದರದೇ ಕಟ್ಟುನಿಟ್ಟಾದ ನಿಯಮಗಳಿವೆ, ಅದರ ಮೇಲೆ ಏನನ್ನೂ ಅಂಟಿಸಬೇಡಿ. ಎತ್ತರದ ಕೋಲಿಗೆ ಕಟ್ಟಿದರೆ ದೃಶ್ಯ ಚೆನ್ನ, ಆದರೆ ಆ ಕೋಲೂ ಅಳತೆಯ ಲೆಕ್ಕಕ್ಕೆ ಬರುತ್ತದೆ. ಎಫ್‌ಟಿಸಿ ರೋಬೋಟ್ ಪಂದ್ಯದ ಆರಂಭದಲ್ಲಿ ಉದ್ದ, ಅಗಲ, ಎತ್ತರ ಮೂರರಲ್ಲೂ 18 ಇಂಚಿನೊಳಗೆ ಕೂರಬೇಕು.

ತೂಕವೂ ಹಾಗೆಯೇ. ಗೋಪ್ರೊ ಹೀರೊ 12 ಬ್ಯಾಟರಿ ಸಹಿತ 154 ಗ್ರಾಂ ಇದೆ. ಹಿಡಿಕೆ, ಸ್ಕ್ರೂ ಸೇರಿದರೆ 200 ಗ್ರಾಂ ದಾಟಬಹುದು. 2025ರ ಎಫ್‌ಆರ್‌ಸಿಯಲ್ಲಿ ಬ್ಯಾಟರಿ, ಬಂಪರ್ ಬಿಟ್ಟು ರೋಬೋಟ್‌ನ ಮಿತಿ 115 ಪೌಂಡ್, ಅಂದರೆ ಸುಮಾರು 52 ಕೆ.ಜಿ. ಮಿತಿಯ ಅಂಚಿನಲ್ಲಿರುವ ತಂಡಕ್ಕೆ 200 ಗ್ರಾಂ ಕೂಡ ದುಬಾರಿ. ಕ್ಯಾಮೆರಾ ಸಮೇತವೇ ತೂಗಿಸಿ.

ಮೂರು ವಸ್ತುಗಳಿಗೆ ಮಾತ್ರ ಯಾವತ್ತೂ ಅಡ್ಡ ಬರಬಾರದು: ರೋಬೋಟ್ ಚಾಲನೆಯಲ್ಲಿದೆ ಎಂದು ತಿಳಿಸುವ ಸಿಗ್ನಲ್ ದೀಪ, ಅಪಾಯ ಬಂದಾಗ ತಟ್ಟನೆ ಒತ್ತಬೇಕಾದ ಮುಖ್ಯ ಬ್ರೇಕರ್, ರೋಬೋಟ್ ತಾನೇ ದಾರಿ ಗುರುತಿಸಲು ಬಳಸುವ ಕ್ಯಾಮೆರಾ ಮತ್ತು ಸೆನ್ಸರ್‌ಗಳು.

ಹಂತ 5: ಎರಡು ಬಗೆಯಲ್ಲಿ ಬಿಗಿಯಿರಿ

ಬರೀ ಅಂಟನ್ನು ನಂಬಬೇಡಿ. ಕ್ಯಾಮೆರಾದೊಂದಿಗೆ ಬರುವ ಅಂಟುಪಟ್ಟಿ ಗಟ್ಟಿಯಾಗಿ ಹಿಡಿಯಲು ಒಂದು ದಿನ ಬೇಕು. ಸ್ಪರ್ಧೆಯ ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನದ ಡಿಕ್ಕಿಗೆ ಕಿತ್ತುಬರುತ್ತದೆ. ಹಿಡಿಕೆಯನ್ನು ಚೌಕಟ್ಟಿಗೆ ಸ್ಕ್ರೂ ಮತ್ತು ಲಾಕ್‌ನಟ್‌ನಿಂದ ಬಿಗಿಯುವುದು ಉತ್ತಮ. ತ್ರೀಡಿ ಪ್ರಿಂಟ್ ಮಾಡುವುದಾದರೆ ಪಿಎಲ್‌ಎ ಪ್ಲಾಸ್ಟಿಕ್‌ಗಿಂತ ಪಿಇಟಿಜಿ ಪ್ಲಾಸ್ಟಿಕ್ ಒಳ್ಳೆಯದು, ಪಿಎಲ್‌ಎ ಹೊಡೆತಕ್ಕೆ ಸಿಡಿಯುತ್ತದೆ.

ಇದರ ಮೇಲೆ ಎರಡನೆಯ ಭದ್ರತೆಯಾಗಿ ಕ್ಯಾಮೆರಾವನ್ನು ಗಟ್ಟಿ ನೈಲಾನ್ ದಾರದಿಂದ ಚೌಕಟ್ಟಿಗೆ ಕಟ್ಟಿ. ದಾರ ಗಿಡ್ಡವಾಗಿರಲಿ: ಹಿಡಿಕೆ ಮುರಿದು ಕ್ಯಾಮೆರಾ ಜೋತುಬಿದ್ದರೂ ಚಕ್ರಕ್ಕೋ ಚೈನಿಗೋ ತಾಗಬಾರದು. ಉಳಿದ ತುದಿಯನ್ನು ಕತ್ತರಿಸಿ. ಕೊನೆಗೆ ರೋಬೋಟ್‌ನ ತೋಳು, ಎಲಿವೇಟರ್ ಎಲ್ಲವನ್ನೂ ಕೈಯಿಂದಲೇ ಪೂರ್ತಿ ಚಾಚಿ, ಮಡಚಿ, ಎಲ್ಲೂ ಕ್ಯಾಮೆರಾಕ್ಕೆ ತಗಲುವುದಿಲ್ಲವೆಂದು ನೋಡಿ.

ಹಂತ 6: ಸೆಟಿಂಗ್ ಸರಳವಾಗಿರಲಿ

4ಕೆ ಬೇಕಿಲ್ಲ. 1080ಪಿ, ಸೆಕೆಂಡಿಗೆ 60 ಫ್ರೇಮ್ ಸಾಕು. ರೋಲರ್‌ನಂಥ ವೇಗದ ಭಾಗ ನೋಡಬೇಕಿದ್ದರೆ 120 ಇಡಿ, ನಿಧಾನಗತಿಯಲ್ಲಿ ಓಡಿಸಿದಾಗ ದೋಷ ಸ್ಪಷ್ಟವಾಗುತ್ತದೆ. ಸೆಕೆಂಡಿಗೆ 60 ಮೆಗಾಬಿಟ್‌ನಂತೆ ಚಿತ್ರಿಸಿದರೆ ಎರಡೂವರೆ ನಿಮಿಷಕ್ಕೆ ಸುಮಾರು 1.1 ಜಿಬಿ ಆಗುತ್ತದೆ, 32 ಜಿಬಿ ಕಾರ್ಡ್ ಇಡೀ ದಿನದ ಪಂದ್ಯಗಳಿಗೆ ಸಾಲುತ್ತದೆ. ದೀಪಗಳ ಮಿನುಗು ತಡೆಯುವ ಸೆಟಿಂಗ್ ಭಾರತದಲ್ಲಿ 50 ಹರ್ಟ್ಸ್, ಅಮೆರಿಕದಲ್ಲಿ 60 ಹರ್ಟ್ಸ್ ಇರಲಿ.

ಒಂದೇ ಗುಂಡಿ ಒತ್ತಿದರೆ ಕ್ಯಾಮೆರಾ ಆನ್ ಆಗಿ ರೆಕಾರ್ಡಿಂಗ್ ಶುರುವಾಗುವಂತೆ ಮಾಡಿಕೊಳ್ಳಿ, ಅದನ್ನು ಒತ್ತುವ ಕೆಲಸವನ್ನು ಒಬ್ಬರಿಗೇ ವಹಿಸಿ. ರೋಬೋಟನ್ನು ಮೈದಾನದಲ್ಲಿ ಇಡುವಾಗಲೇ ಅದು ಮುಗಿಯಬೇಕು. ಕ್ಯಾಮೆರಾಕ್ಕಾಗಿ ಪಂದ್ಯ ತಡವಾಗಬಾರದು.

ಹಂತ 7: ನೀವಾಗಿಯೇ ತೋರಿಸಿ

ಮೊದಲ ತಪಾಸಣೆಗೇ ಕ್ಯಾಮೆರಾ ಕೂರಿಸಿಕೊಂಡು ಹೋಗಿ. ಸಂಬಂಧಪಟ್ಟ ನಿಯಮದ ಪುಟವನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ, ವೈರ್‌ಲೆಸ್ ಆಫ್ ಇರುವ ಪರದೆಯನ್ನು ತೆರೆದು ತೋರಿಸಿ. ನಂತರ ಜಾಗ ಬದಲಿಸಿದರೆ ಮತ್ತೊಮ್ಮೆ ತಪಾಸಕರ ಗಮನಕ್ಕೆ ತನ್ನಿ. ಬೇಡ ಎಂದರೆ ವಾದಕ್ಕಿಳಿಯದೆ ತೆಗೆದುಬಿಡಿ. ನಾಲ್ಕು ಸ್ಕ್ರೂಗಳಲ್ಲಿ ಕಳಚಿಬರುವ ಹಿಡಿಕೆ ಮಾಡಿಸಿದ್ದರ ಲಾಭ ಆಗ ತಿಳಿಯುತ್ತದೆ.

ಹಂತ 8: ವಿಡಿಯೊ ನೋಡಿ, ಹಂಚುವ ಮೊದಲು ಯೋಚಿಸಿ

ಪಂದ್ಯ ಮುಗಿದ ಕೂಡಲೇ ಕಾರ್ಡ್ ತೆಗೆದು ಫೈಲಿಗೆ ಪಂದ್ಯದ ಸಂಖ್ಯೆಯ ಹೆಸರಿಡಿ. ಮೆಕ್ಯಾನಿಕಲ್ ವಿಭಾಗದವರು ಮತ್ತು ಚಾಲಕರು ಒಟ್ಟಿಗೆ ಕೂತು ನೋಡಲಿ. ‘ಇಲ್ಲಿ ಚಾಲಕ ತಡಮಾಡಿದ’ ಎಂದು ಒಬ್ಬರಿಗೆ ಕಂಡದ್ದು, ಅದೇ ಕ್ಷಣದಲ್ಲಿ ಬೆಲ್ಟ್ ಜಾರಿದ್ದು ಎಂದು ಇನ್ನೊಬ್ಬರಿಗೆ ಕಾಣಬಹುದು. ಜಾಲತಾಣಕ್ಕೆ ಏರಿಸುವುದಾದರೆ ಅದರಲ್ಲಿ ಬೇರೆ ತಂಡದ ಮಕ್ಕಳ ಮುಖ, ಮಾತು ಇರಬಹುದೆಂಬುದು ನೆನಪಿರಲಿ. ಬಂದವರೆಲ್ಲ ಶಾಲಾ ಮಕ್ಕಳು, ಹಿರಿಯ ಮಾರ್ಗದರ್ಶಕರೊಬ್ಬರು ಮೊದಲು ನೋಡಿ ಒಪ್ಪಲಿ.

ಮೈದಾನಕ್ಕೆ ಹೋಗುವ ಮುನ್ನ
• ವೈಫೈ, ಬ್ಲೂಟೂತ್, ಧ್ವನಿ ಆದೇಶ ಆಫ್
• ರೋಬೋಟ್‌ನಿಂದ ಕ್ಯಾಮೆರಾಕ್ಕೆ ಯಾವ ವೈರೂ ಇಲ್ಲ
• ಸ್ಕ್ರೂ ಬಿಗಿ, ದಾರ ಗಿಡ್ಡ
• ಸಿಗ್ನಲ್ ದೀಪ, ಬ್ರೇಕರ್‌ಗೆ ಅಡ್ಡವಿಲ್ಲ
• ಬ್ಯಾಟರಿ ಭರ್ತಿ, ಕಾರ್ಡ್ ಒಳಗಿದೆ
• ಲೆನ್ಸ್ ಒರೆಸಿದೆ