ಮಾತ್ರೆ ನಿಲ್ಲಿಸುವ ಮುಂಚೆ

ಸ್ಕಿಜೋಫ್ರೇನಿಯಾಕ್ಕೆ ವರ್ಷಗಟ್ಟಲೆ ಮಾತ್ರೆ ನುಂಗುವವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: ‘ಈಗ ಚೆನ್ನಾಗಿದ್ದಾನಲ್ಲ, ಇನ್ನೂ ಯಾಕೆ ಮಾತ್ರೆ?’ ಆ ಆಸೆ ಸಹಜವೇ. ಆದರೆ ದಯವಿಟ್ಟು ನೀವಾಗಿಯೇ ದಿಢೀರನೆ ನಿಲ್ಲಿಸಬೇಡಿ.

ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಔಷಧಿಗಳು ಮಿದುಳಿನಲ್ಲಿ ಸಂಕೇತ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಬಂದು ಕೂರಬೇಕಾದ ಡಿ2 ಗ್ರಾಹಕಗಳಲ್ಲಿ ತಾವೇ ಕೂರುತ್ತವೆ. ಸುಮಾರು ಶೇ. 65ರಿಂದ 80ರಷ್ಟು ಗ್ರಾಹಕಗಳು ಹೀಗೆ ಮುಚ್ಚಿದಾಗ ಸಾಮಾನ್ಯವಾಗಿ ಭ್ರಮೆಗಳೂ ಕೇಳಿಬರುವ ದನಿಗಳೂ ತಗ್ಗುತ್ತವೆ. ಅದಕ್ಕೂ ಮೀರಿದರೆ ಕೈನಡುಕ, ಮೈಬಿಗಿತದ ಸಂಭವ ಹೆಚ್ಚು. ಇತ್ತ ಮಿದುಳು ಸುಮ್ಮನಿರುವುದಿಲ್ಲ. ಸಂಕೇತ ಕಡಿಮೆಯಾಯಿತೆಂದು ಅದು ಹೊಸ ಗ್ರಾಹಕಗಳನ್ನು ಹುಟ್ಟಿಸಿಕೊಂಡು ಹೆಚ್ಚು ಸೂಕ್ಷ್ಮವಾಗುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಇಂಥ ಹೊತ್ತಿನಲ್ಲಿ ಮಾತ್ರೆ ಒಮ್ಮೆಲೇ ತಪ್ಪಿದರೆ, ಮೊದಲಿದ್ದಷ್ಟೇ ಡೋಪಮಿನ್ ಈಗ ವಿಪರೀತವಾಗಿ ತಟ್ಟಬಹುದು, ಕಾಯಿಲೆ ಮರುಕಳಿಸಬಹುದು.

ಡೋಸ್ ಇಳಿಸಲೇಬೇಕೆಂದರೆ ವೈದ್ಯರೊಡನೆ ಕೂತು ಮಾತಾಡಿ, ತಿಂಗಳುಗಳ ಲೆಕ್ಕದಲ್ಲಿ ನಿಧಾನವಾಗಿ ಇಳಿಸಿ. ನಾಲಿಗೆ ತಾನಾಗಿ ಹೊರಳುವುದು, ತುಟಿ ಚಪ್ಪರಿಸುವುದು ಕಂಡರೆ ತಡಮಾಡಬೇಡಿ. ಅದು ದೀರ್ಘ ಚಿಕಿತ್ಸೆಯಿಂದ ಬರುವ ಟಾರ್ಡಿವ್ ಡಿಸ್ಕಿನೇಸಿಯಾ ಇರಬಹುದು. ಎಷ್ಟೋ ಸಲ ರೋಗಿಗೇ ಅದರ ಅರಿವಿರುವುದಿಲ್ಲ, ಮನೆಯವರ ಕಣ್ಣೇ ಬೇಕು. ಡೋಪಮಿನ್‌ಗೆ ತಡೆಯಾದಾಗ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ ಕೆಲವು ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುತ್ತದೆ. ಸಂಕೋಚಪಟ್ಟು ಮುಚ್ಚಿಡಬೇಡಿ, ಔಷಧಿ ಬದಲಿಸಲು ದಾರಿಗಳಿವೆ. ಗೊಂದಲವಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.