ಬೋದಿನ ನೆತ್ತಿಗೆ ಗೋಣಿ ಸೊಪ್ಪು, ಮಗ್ಗುಲಿಗೆ ಟೊಮೆಟೊ

ಉಪ್ಪು ಹೀರುವ ಗಿಡ ಬೆಳೆದರೆ ಎರಡು ವರ್ಷದಲ್ಲಿ ಸವಳು ಹೊಲ ಸರಿಹೋಗುತ್ತದೆ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿದೆ. ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. 2007ರಲ್ಲಿ ಪ್ರಕಟವಾದ ತಮಿಳುನಾಡಿನ ಅಧ್ಯಯನವೊಂದರಲ್ಲಿ ಸುಯೇಡಾ ಎಂಬ ಕಡಲಂಚಿನ ಗಿಡ ನಾಲ್ಕು ತಿಂಗಳಲ್ಲಿ ಹೆಕ್ಟೇರಿಗೆ ಸುಮಾರು 500 ಕಿಲೋ ಉಪ್ಪು ಹೀರಿತ್ತು. ಎಕರೆಗೆ 200 ಕಿಲೋ ಅನ್ನಿ. ಇತ್ತ ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) 2 ಇರುವ ಬೋರ್‌ವೆಲ್ ನೀರನ್ನು ಎಕರೆಗೆ ಒಂದಂಗುಲ ಹಾಯಿಸಿದರೆ ಸುಮಾರು 130 ಕಿಲೋ ಲವಣ ಹೊಲ ಸೇರುತ್ತದೆ. ನಾಲ್ಕು ತಿಂಗಳ ದುಡಿಮೆ ಎರಡೇ ನೀರಿಗೆ ಹೋಯಿತು. ಗಂಗಾವತಿ, ಸಿಂಧನೂರು ಭಾಗದ ಸವಳು-ಜವಳು ಹೊಲಗಳಿಗೆ ಬಸಿಗಾಲುವೆಯೇ ಮದ್ದು, ಗಿಡವಲ್ಲ.

ಹಾಗಾದರೆ ಉಪ್ಪು ಹೀರುವ ಗೋಣಿ ಸೊಪ್ಪನ್ನು ಟೊಮೆಟೊ ಜೊತೆ ಮಿಶ್ರಬೆಳೆಯಾಗಿ ಬೆಳೆಯುವುದು ಏಕೆ? ಉಪ್ಪು ಹೊಲದಲ್ಲಿ ಸಮನಾಗಿ ಹರಡಿರುವುದಿಲ್ಲ. ಎರಡೂ ಬದಿಯ ಸಾಲಿಗೆ ನೀರು ಬಿಟ್ಟಾಗ ತೇವ ಬೋದಿನೊಳಗೆ ಏರುತ್ತದೆ, ನೆತ್ತಿಯಲ್ಲಿ ಆವಿಯಾಗುತ್ತದೆ, ಉಪ್ಪು ಅಲ್ಲೇ ಬಿಳಿ ಹೊಪ್ಪಳೆಯಾಗಿ ಕೂರುತ್ತದೆ. ನಾವು ಸಸಿ ನೆಡುವುದೂ ಅದೇ ನೆತ್ತಿಯ ಮೇಲೆ! ಸಸಿಯನ್ನು ಬೋದಿನ ಮಗ್ಗುಲಿಗೆ ಇಳಿಸಿ, ನೆತ್ತಿಯನ್ನು ಗೋಣಿ ಸೊಪ್ಪಿಗೆ ಬಿಟ್ಟರೆ ಅದು ನೆಲ ಮುಚ್ಚಿ ಆವಿ ತಡೆಯುತ್ತದೆ, ಬೇರಿನ ಸುತ್ತಲ ಉಪ್ಪನ್ನೂ ಒಂದಿಷ್ಟು ಎಳೆದುಕೊಳ್ಳುತ್ತದೆ. ಉಪ್ಪಿನ ಪರಿಸ್ಥಿತಿಯಲ್ಲಿ ಟೊಮೆಟೊ ಜೊತೆ ಇದನ್ನು ಬೆಳೆಸಿದ ಇಟಲಿಯ ಪ್ರಯೋಗ 2003ರಲ್ಲೇ ಪ್ರಕಟವಾಗಿದೆ. ಲಾಭ ಈ ಹಂಗಾಮಿನ ಬೆಳೆಗೆ, ಅಷ್ಟೇ.

ಮೊದಲು ಮಣ್ಣು ಪರೀಕ್ಷೆ. ರಸಸಾರ 8.5 ದಾಟಿ ಸೋಡಿಯಂ ಪ್ರಮಾಣವೂ ಹೆಚ್ಚಿದ್ದರೆ ಅದು ಕರಲು ಭೂಮಿ, ಜಿಪ್ಸಂ ಬೀಳದೆ ಬೇರೆ ಮಾತಿಲ್ಲ. ವರದಿಯ ಇ.ಸಿ. ಅಂಕಿ ನೋಡಿ ಮೋಸಹೋಗಬೇಡಿ. ‘4 ದಾಟಿದರೆ ಸವಳು’ ಎಂಬ ಮಿತಿ ನೀರು ತುಂಬಿದ ಕೆಸರು ಮಣ್ಣಿನ ರಸಕ್ಕೆ. ಬಹಳಷ್ಟು ಪ್ರಯೋಗಾಲಯಗಳು ಹೆಚ್ಚು ನೀರು ಬೆರೆಸಿ ಅಳೆಯುವುದರಿಂದ ಅಂಕಿ ಕಡಿಮೆ ಕಾಣುತ್ತದೆ. ಯಾವ ವಿಧಾನ ಎಂದು ಕೇಳಿ. ಟೊಮೆಟೊ 2.5ರವರೆಗೆ ತಾಳುತ್ತದೆ, ಹುರುಳಿಕಾಯಿ 1ಕ್ಕೇ ಸೋಲುತ್ತದೆ, ಹತ್ತಿ 7.7ರವರೆಗೂ ಇಳುವರಿ ಕಳೆದುಕೊಳ್ಳುವುದಿಲ್ಲ.

ಸಸಿ ಬೇರು ಹಿಡಿದ ಮೇಲೆ ಗೋಣಿ ಬೀಜವನ್ನು ಮರಳಿನೊಂದಿಗೆ ಬೆರೆಸಿ ನೆತ್ತಿಯ ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ, ಬೀಜಕ್ಕೆ ಬೆಳಕು ಬೇಕು.

ಇನ್ನು ಎಲ್ಲರೂ ಎಡವುವ ಜಾಗ. ಸೊಪ್ಪು ಕಿತ್ತು ಸಾಲಿನಲ್ಲೇ ಬಿಡುತ್ತಾರೆ, ಮುಚ್ಚಿಗೆ ಎನ್ನುತ್ತಾರೆ, ಗೊಬ್ಬರವಾಗಲಿ ಎಂದು ಉಳುತ್ತಾರೆ. ಹೀರಿದ ಉಪ್ಪಿನ ಬಹುಪಾಲು ಎಲೆ-ಕಾಂಡದಲ್ಲಿದೆ. ಕೊಳೆತ ಕೂಡಲೇ ಅದು ಮತ್ತೆ ಮೇಲ್ಮಣ್ಣಿಗೆ. ಬದುವಿನ ಮೇಲೆ ಗುಡ್ಡೆ ಹಾಕಿದರೆ ಮಳೆ ಅದನ್ನು ಒಳಗೆ ತೊಳೆದು ತರುತ್ತದೆ, ತಿಪ್ಪೆಗೆ ಹಾಕಿದರೆ ಗೊಬ್ಬರದ ಗಾಡಿಯಲ್ಲಿ ಮರಳುತ್ತದೆ. ಬುಟ್ಟಿಗೆ ತುಂಬಿ ಹೊಲದಾಚೆ ಸಾಗಿಸುವ ಆಳು ಇಲ್ಲದಿದ್ದರೆ ಈ ಪದ್ಧತಿಗೆ ಕೈ ಹಾಕದಿರುವುದೇ ಲೇಸು.

ಗೋಣಿ ಸೊಪ್ಪು ಕಳೆಯಲ್ಲವೇ, ನೀರು-ಗೊಬ್ಬರಕ್ಕೆ ಪೈಪೋಟಿ ಮಾಡದೇ ಎಂಬ ಆಕ್ಷೇಪ ಸರಿಯೇ. ಸಿಹಿ ಮಣ್ಣಿನಲ್ಲಿ ಖಂಡಿತ ಮಾಡುತ್ತದೆ, ಅಲ್ಲಿ ಇದನ್ನು ಬಿತ್ತುವುದು ತಪ್ಪು. ಸವಳಿನಲ್ಲಿ ಬೆಳೆಯನ್ನು ಮೊದಲು ಕಾಡುವುದು ಉಪ್ಪು. ಆದರೂ ಹೂವು ಬೀಜಕಟ್ಟುವ ಮೊದಲೇ ಕೀಳಬೇಕು. ಒಂದು ಸಲ ಬೀಜ ಸಿಡಿದರೆ ವರ್ಷಗಟ್ಟಲೆ ಮೊಳೆಯುತ್ತಿರುತ್ತದೆ.

ಎಳೆ ಸೊಪ್ಪು ಸಾರಿಗೆ ಆಗುತ್ತದೆ, ಉಪ್ಪು ಕಡಿಮೆ ಹಾಕಿ. ಆಕ್ಸಲೇಟ್ ಹೆಚ್ಚಿರುವುದರಿಂದ ಕಿಡ್ನಿ ಕಲ್ಲಿನವರಿಗೆ ಬೇಡ. ದನಕ್ಕೆ ಒಣಮೇವಿನೊಡನೆ ಸ್ವಲ್ಪವೇ.